ಧರ್ಮಕಾರ್ಯಕ್ಕೆ ಮುನ್ನ ಶಕ್ತಿಪರಿಶೀಲನೆ



ಜಿನಮಂದಿರದ ಜೀರ್ಣೋದ್ಧಾರವು ಮಹಾಪುಣ್ಯಕಾರ್ಯವೆಂಬಲ್ಲಿ ಎರಡು ಮಾತಿಲ್ಲ. ಆದರೆ ಗೋಡೆಯೆದ್ದು ಮಾಡಿಗೆ ಹಣವಿಲ್ಲದೆ ಕೆಲಸ ನಿಂತರೆ, ಮಳೆಯ ನೀರು ಹೊಸ ಗೋಡೆಯನ್ನೇ ಕೆಡಿಸುತ್ತದೆ; ಜಿನಬಿಂಬವು ತಾತ್ಕಾಲಿಕ ಗುಡಿಯಲ್ಲಿಯೇ ಉಳಿಯುತ್ತದೆ. ಭಕ್ತಿಯಿರುವ ಊರಿನಲ್ಲೂ ಪೂರ್ವಪರಿಶೀಲನೆಯಿಲ್ಲದಿದ್ದರೆ ಹೀಗಾಗುವುದುಂಟು.

ನಿಧಿಸಂಗ್ರಹದ ಮೊತ್ತವನ್ನು ಸಾರುವ ಮೊದಲು ಆ ಮೊತ್ತ ಕೂಡೀತೇ ಎಂದು ವಿಚಾರಿಸುವುದೇ ಈ ಪರಿಶೀಲನೆ. ಸಮಿತಿಯ ಹೊರಗಿನ ನಂಬಿಕಸ್ಥರೊಬ್ಬರು ಪ್ರಮುಖ ದಾನಿಗಳನ್ನು ಪ್ರತ್ಯೇಕವಾಗಿ ಕಂಡು ನಾಲ್ಕು ಪ್ರಶ್ನೆ ಕೇಳಬೇಕು: ಈ ಕಾರ್ಯ ಅವಶ್ಯವೆ? ಸಮಿತಿಯಲ್ಲಿ ವಿಶ್ವಾಸವಿದೆಯೆ? ಸುಮಾರು ಎಷ್ಟು ಕೊಡಬಹುದು? ಯಾವಾಗ? ಆಗ ದಾನವನ್ನು ಬೇಡಬಾರದು. ಹೇಳಿದವರ ಹೆಸರು ಗುಟ್ಟಾಗಿರಬೇಕು. ಹಾಗಾದರೆ ಮಾತ್ರ ಹಳೆಯ ಲೆಕ್ಕಪತ್ರದ ಬಗೆಗಿನ ಅಸಮಾಧಾನವೂ ಹೊರಬಂದೀತು.

ಅಂದಾಜು ಐವತ್ತು ಲಕ್ಷವೆನ್ನೋಣ. ತಲಾ ಸಾವಿರ ರೂಪಾಯಿಯಂತೆ ಕೂಡಿಸಲು ಐದು ಸಾವಿರ ದಾನಿಗಳು ಬೇಕು. ಅರವತ್ತು ಶ್ರಾವಕರ ಮನೆಗಳ ಊರಿನಲ್ಲಿ ಅದು ಅಸಾಧ್ಯ. ಬದಲಾಗಿ ಹತ್ತು ಲಕ್ಷದ ಒಂದು, ಐದು ಲಕ್ಷದ ಎರಡು, ಎರಡು ಲಕ್ಷದ ಐದು, ಒಂದು ಲಕ್ಷದ ಹತ್ತು ದಾನಗಳಿಂದ ನಲವತ್ತು ಲಕ್ಷವಾಗುತ್ತದೆ; ಉಳಿದುದು ಐದು ಸಾವಿರದ ಇನ್ನೂರು ದಾನಗಳಿಂದ ತುಂಬುತ್ತದೆ. ಪ್ರತಿಯೊಂದು ದೊಡ್ಡ ದಾನಕ್ಕೂ ಮೂವರನ್ನಾದರೂ ಗುರುತಿಸಿಕೊಂಡಿರಬೇಕು, ಎಲ್ಲರೂ ಒಪ್ಪುವುದಿಲ್ಲ. ಈ ಶ್ರೇಣಿಯ ಪದ್ಧತಿ ನಮಗೆ ಹೊಸತಲ್ಲ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ ಕಲಶಗಳನ್ನು ಬೇರೆಬೇರೆ ಶ್ರೇಣಿಗಳಲ್ಲಿ ನೀಡುವುದು ಎಲ್ಲರೂ ಬಲ್ಲ ಸಂಗತಿ.

ಪರಿಶೀಲನೆಯಿಂದ ಮೂವತ್ತು ಲಕ್ಷವಷ್ಟೇ ಸಾಧ್ಯವೆಂದು ತೋರಿದರೆ ಅದು ಅಪಜಯವಲ್ಲ. ಮೊದಲು ಗರ್ಭಗೃಹ ಮತ್ತು ಮಾಡು, ಅನಂತರ ಪ್ರಾಂಗಣ ಎಂದು ಹಂತಗಳನ್ನು ಮಾಡಿಕೊಳ್ಳಬಹುದು. ಮೂಡಬಿದಿರೆಯ ಸಾವಿರ ಕಂಬದ ಬಸದಿಯೂ 1430ರ ನಿರ್ಮಾಣದ ಅನಂತರ ಮುಂದಿನ ದಶಕಗಳಲ್ಲಿ ಬೆಳೆದುದೇ ಆಗಿದೆ. ಸಮಿತಿಯ ಮೇಲೆ ವಿಶ್ವಾಸವೇ ಸಾಲದೆಂದು ತಿಳಿದುಬಂದಲ್ಲಿ, ಹಿಂದಿನ ಜಮಾಖರ್ಚನ್ನು ಸಭೆಯ ಮುಂದಿಟ್ಟ ಮೇಲೆಯೇ ರಸೀದಿ ಪುಸ್ತಕವನ್ನು ಅಚ್ಚು ಹಾಕಿಸಬೇಕು.

ಪರಿಶೀಲನೆಯಿಲ್ಲದೆ ಮನೆಗಿಷ್ಟೆಂದು ಗೊತ್ತುಮಾಡಿದರೆ ಬಡ ಶ್ರಾವಕನು ಸಾಲಮಾಡಿ ಕೊಡುತ್ತಾನೆ. ಇಲ್ಲವೇ ನಾಚಿ ಬಸದಿಗೆ ಬರುವುದನ್ನೇ ಬಿಡುತ್ತಾನೆ. ಎರಡೂ ಧರ್ಮಕ್ಕೆ ಹಾನಿಕರ. ಪರಿಗ್ರಹಕ್ಕೆ ಪರಿಮಾಣವಿರಲೆಂದು ಗೃಹಸ್ಥನಿಗೆ ವಿಧಿಸಿದ ಅಣುವ್ರತವು ಸಂಕಲ್ಪ ತೊಡುವ ಸಂಸ್ಥೆಗೂ ದಾರಿದೀಪವಾಗಲಿ.

ಜೈನಂ ಜಯತು ಶಾಸನಂ.