ಕಡಲಾಚೆಯ ಸೊಸೆಯರು



ತವರನ್ನು ತೊರೆದು ಮತ್ತೊಂದು ಮನೆಯನ್ನು ತನ್ನದಾಗಿಸಿಕೊಳ್ಳುವುದು ಸಾಮಾನ್ಯ ಸಾಹಸವಲ್ಲ. ನಮ್ಮ ನಡುವೆ ಅದು ನಿತ್ಯವೂ ನಡೆಯುವುದರಿಂದ ಅದರ ಹಿರಿಮೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಎರಡನೆಯ ಮಹಾಯುದ್ಧದ ತರುವಾಯ ಕೆನಡಾ ದೇಶಕ್ಕೆ ಸೊಸೆಯರಾಗಿ ಹೋದ ಸ್ತ್ರೀಯರ ಕಥೆಯನ್ನು ಈ ಸಂಜೆ ತಮ್ಮ ಮುಂದಿಡಲು ಬಯಸುತ್ತೇವೆ. ಚರಿತ್ರೆ ಅವರನ್ನು ಯುದ್ಧವಧುಗಳೆಂದು ಕರೆದಿದೆ.

1939ರ ಡಿಸೆಂಬರಿನಲ್ಲಿ ಕೆನಡಾದ ಮೊದಲ ಸೈನ್ಯದಳ ಬ್ರಿಟನ್ನಿಗೆ ಬಂದಿಳಿಯಿತು. ಎರಡು ತಿಂಗಳು ತುಂಬುವ ಮೊದಲೇ ಆ ಸೈನಿಕರಲ್ಲೊಬ್ಬನ ವಿವಾಹ ಅಲ್ಲಿನ ಕನ್ಯೆಯೊಬ್ಬಳೊಡನೆ ನೆರವೇರಿತು. ಮೇಲಧಿಕಾರಿಯ ಅನುಮತಿ ದೊರೆತ ಹೊರತು ಸೈನಿಕನು ಮದುವೆಯಾಗುವಂತಿರಲಿಲ್ಲ. ಆದರೂ ಬಾಂಬುಗಳ ಸದ್ದಿನ ನಡುವೆ, ಪಡಿತರದ ಅಲ್ಪಾಹಾರದಲ್ಲಿಯೇ ಸಹಸ್ರಾರು ಮದುವೆಗಳು ನಡೆದವು. ಯುದ್ಧ ಮುಗಿದ ಮೇಲೆ ಕೆನಡಾ ಸರಕಾರ ತನ್ನ ವೆಚ್ಚದಲ್ಲಿಯೇ ಈ ಪತ್ನಿಯರನ್ನೂ ಮಕ್ಕಳನ್ನೂ ಕರೆಸಿಕೊಂಡಿತು. ಹೀಗೆ ಹೋದವರು ಸುಮಾರು 43,000 ಸ್ತ್ರೀಯರು, 21,000 ಮಕ್ಕಳು. ಹೆಚ್ಚಿನವರು ಬ್ರಿಟನ್ನಿನವರು, ಹಾಲೆಂಡ್, ಬೆಲ್ಜಿಯಂ, ಫ್ರಾನ್ಸ್ ದೇಶಗಳವರೂ ಇದ್ದರು.

1946ರ ಫೆಬ್ರವರಿಯಲ್ಲಿ ‘ಮಾರಿಟೇನಿಯಾ’ ಹಡಗು ಇಂಥ ನೂರಾರು ವಧುಗಳನ್ನು ಹೊತ್ತು ಲಿವರ್‌ಪೂಲಿನಿಂದ ಹ್ಯಾಲಿಫ್ಯಾಕ್ಸ್ ಬಂದರನ್ನು ಸೇರಿತು. ವರ್ಷಗಟ್ಟಲೆ ಕಂದುಬಣ್ಣದ ರೊಟ್ಟಿಯನ್ನೇ ಉಂಡವರಿಗೆ ಹಡಗಿನಲ್ಲಿ ಬಡಿಸಿದ ಬಿಳಿಯ ರೊಟ್ಟಿಯೇ ಹಬ್ಬದ ಊಟವಾಗಿತ್ತು. ಬಂದರಿನ 21ನೆಯ ಕಟ್ಟೆಯಲ್ಲಿ ಇಳಿದು ರೈಲು ಹತ್ತಿದರೆ, ದೂರದ ಊರಿನವರಿಗೆ ಮತ್ತೂ ಹಲವು ದಿನಗಳ ಪ್ರಯಾಣ.

ನಿಜವಾದ ಪರೀಕ್ಷೆ ಆರಂಭವಾದುದು ಅಲ್ಲಿಂದ ಮುಂದೆ. ಲಂಡನ್ನಿನಂಥ ನಗರದಲ್ಲಿ ಬೆಳೆದ ಎಷ್ಟೋ ಮಂದಿ, ವಿದ್ಯುದ್ದೀಪವೂ ನಲ್ಲಿಯ ನೀರೂ ಇಲ್ಲದ ಹೊಲಮನೆಗಳಿಗೆ ಬಂದು ಸೇರಿದರು. ನೆರೆಮನೆಯೆಂದರೆ ಮೈಲಿಗಳಾಚೆ, ಚಳಿಗಾಲವೆಂದರೆ ತಿಂಗಳುಗಟ್ಟಲೆ ಹಿಮ. ಕ್ವಿಬೆಕ್ ಪ್ರಾಂತ್ಯಕ್ಕೆ ಹೋದ ಆಂಗ್ಲ ವಧುಗಳಿಗೆ ಅತ್ತೆಯ ಫ್ರೆಂಚ್ ಮಾತೇ ತಿಳಿಯದು. ಯುದ್ಧದ ಗಾಯಗಳನ್ನು ಮೈಯಲ್ಲೂ ಮನಸ್ಸಿನಲ್ಲೂ ಹೊತ್ತ ಗಂಡಂದಿರೂ ಇದ್ದರು. ಕೆಲವರು ಸಹಿಸಲಾರದೆ ಹಿಂದಿರುಗಿದರು. ಅವರನ್ನು ದೂಷಿಸುವ ಅಧಿಕಾರ ನಮಗಿಲ್ಲ. ಬಹುಮಂದಿ ಉಳಿದರು. ಸೌದೆಯ ಒಲೆಯಲ್ಲಿ ರೊಟ್ಟಿ ಬೇಯಿಸಲು ಕಲಿತರು, ಹೆತ್ತರು, ಸಾಕಿದರು. ತವರಿನಿಂದ ಬರುವ ಕಾಗದವೇ ಅವರಿಗೆ ತಾಯಿಯ ಮುಖ. ಆ ಮುಖವನ್ನು ಮತ್ತೆ ಕಾಣದೆಯೇ ಹೋದವರೂ ಉಂಟು.

ಆ ಕಟ್ಟೆ 1971ರಲ್ಲಿ ಮುಚ್ಚಿತು. 1999ರಲ್ಲಿ ಅಲ್ಲಿ ವಲಸೆಗಾರರ ವಸ್ತುಸಂಗ್ರಹಾಲಯ ತೆರೆಯಿತು. ಅಜ್ಜಿ ಇಳಿದ ತಾಣವನ್ನು ಇಂದು ಮೊಮ್ಮಕ್ಕಳು ಹೋಗಿ ನೋಡುತ್ತಾರೆ.

ಪ್ರಿಯರೇ, ಉಳಿದವರ ಧೈರ್ಯ ದೊಡ್ಡದು, ನಿಜ. ಆದರೆ ಅವರಲ್ಲಿ ಅನೇಕರನ್ನು ಉಳಿಸಿದ್ದು ಬಾಗಿಲಲ್ಲಿ ನಿಂತು ಸ್ವಾಗತಿಸಿದ ಅತ್ತೆ, ಒಲೆ ಹಚ್ಚಲು ಕಲಿಸಿದ ನಾದಿನಿ, ಹೆರಿಗೆಯ ರಾತ್ರಿ ಹಿಮ ತುಳಿದು ಬಂದ ನೆರೆಯವಳು. ನಮ್ಮ ಧರ್ಮಕೇಂದ್ರದ ನೂರು ವರ್ಷಗಳನ್ನು ಕಟ್ಟಿದವರಲ್ಲಿಯೂ ಅರ್ಧದಷ್ಟು ಮಂದಿ ಬೇರೆ ಊರುಗಳಿಂದ ಬಂದ ಸೊಸೆಯರೇ ಅಲ್ಲವೇ? ನಾಳೆ ನಮ್ಮ ಮನೆಯ ಹೊಸ್ತಿಲಿಗೆ ಬರುವ ಹೆಣ್ಣುಮಗಳಿಗೆ ಮೊದಲ ದಿನ ನಾವು ಆಡುವ ಮಾತು, ಅವಳು ಜೀವಮಾನವಿಡೀ ನೆನೆಯುವ ಮಾತು. ಅದು ಒಳ್ಳೆಯದಾಗಿರಲಿ ಎಂದು ಹಾರೈಸಿ ವಿರಮಿಸುತ್ತೇವೆ.