ಹತ್ತು ವರ್ಷದ ಇಂಗ್ಲಿಷು

ಇವತ್ತು ಒಂದು ಲೆಕ್ಕ ಕೇಳ್ತೀನಿ. 2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ. ಅಂದರೆ ಹಾನಗಲ್ ತಾಲೂಕಿನ ಹಳ್ಳಿಯ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ಹತ್ತು ವರ್ಷ ಇಂಗ್ಲಿಷ್ ಓದಿರ್ತಾಳೆ. ಹತ್ತು ವರ್ಷ! ಆಮೇಲೆ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಅಂತ ಇಂಟರ್‌ವ್ಯೂಗೆ ಕೂತರೆ, ಮೊದಲ ಪ್ರಶ್ನೆಗೇ ಬಾಯಿ ಕಟ್ಟುತ್ತೆ.

ಹುಡುಗಿ ದಡ್ಡಿಯೇನಲ್ಲ. ಮಾಸ್ತರು ಪಾಠ ಓದ್ತಾರೆ, ಕನ್ನಡದಲ್ಲಿ ಅರ್ಥ ಹೇಳ್ತಾರೆ, ಬೋರ್ಡಿನ ಮೇಲೆ ಉತ್ತರ ಬರೀತಾರೆ, ಮಕ್ಕಳು ಬಾಯಿಪಾಠ ಮಾಡ್ತಾರೆ. ಮಾಸ್ತರನ್ನ ಬೈಯಬೇಡಿ. ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೇ ಹೋಗುತ್ತೆ.

ಸಿಟ್ಟು ಬರೋದು ಯಾಕೆ ಗೊತ್ತಾ? ಇದಕ್ಕೆ ಮದ್ದು ಅರೆದಿದ್ದು ನಮ್ಮ ಬೆಂಗಳೂರಿನಲ್ಲೇ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬುವರು ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆ ಸೇರಿ, ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ವ್ಯಾಕರಣದ ಪಟ್ಟಿ ಇಲ್ಲ, ಗುಂಪಾಗಿ ಕೂಗಿಸೋದಿಲ್ಲ. ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಕೊಟ್ಟು ಒಂದು ಸಮಸ್ಯೆ ಬಿಡಿಸಲು ಹೇಳೋದು. ಮೊದಲು ಇಡೀ ಕ್ಲಾಸು ಮಾಸ್ತರ ಜೊತೆ ಇಂಗ್ಲಿಷಿನಲ್ಲೇ ಒಂದನ್ನು ಬಿಡಿಸಬೇಕು. ಆಮೇಲೆ ಅಂಥದ್ದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕು. ಮನಸ್ಸು ಲೆಕ್ಕದ ಮೇಲಿದ್ದಾಗ ಭಾಷೆ ಒಳಗೆ ಇಳಿಯುತ್ತೆ ಅನ್ನೋದು ಅವರ ನಂಬಿಕೆ. ಜಗತ್ತಿನ ಭಾಷಾ ಶಿಕ್ಷಕರು ಇದನ್ನ 'ಬೆಂಗಳೂರು ಪ್ರಾಜೆಕ್ಟ್' ಅಂತ ಓದ್ತಾರೆ. ಹೆಸರು ನಮ್ಮದು, ಪಾಠ ಬೇರೆಯವರಿಗೆ!

ಇದನ್ನೇ ಹಿರೇಕೆರೂರಿಗೆ ತನ್ನಿ. ಬಸ್ಸಿನ ಟೈಮ್‌ಟೇಬಲ್ ಕೊಡಿ: ಅಜ್ಜಿ ಹನ್ನೊಂದಕ್ಕೆ ಹಾವೇರಿ ಆಸ್ಪತ್ರೆಯಲ್ಲಿರಬೇಕು, ಯಾವ ಬಸ್ ಹಿಡಿಬೇಕು? ಶಿಗ್ಗಾವಿಯಲ್ಲಾದರೆ ಸಂತೆಯ ದರ ಕೊಡಿ. ಖರ್ಚಿಲ್ಲದ ಪಾಠ ಸ್ವಾಮಿ.

ಕನ್ನಡಕ್ಕೆ ಕುತ್ತು ಅಂತ ನೀವು ಫೋನ್ ಮಾಡ್ತೀರಿ, ಗೊತ್ತು. ಸವಣೂರಿನ ಕಡೆ ನೋಡಿ. 1909ರಲ್ಲಿ ಅಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರೊಫೆಸರು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಶಾಲೆಯಲ್ಲಿ ಕನ್ನಡಕ್ಕೇ ಮೊದಲ ಸ್ಥಾನ ಅಂತ 1981ರಲ್ಲಿ ವರದಿ ಕೊಟ್ಟವರೂ ಅವರೇ. ಅವರಿಗೆ ಎರಡೂ ಒಟ್ಟಿಗೆ ಸಾಧ್ಯವಾಗಿತ್ತು.

ಒಂದು ತೊಡಕಿದೆ, ಮುಚ್ಚಿಡಲ್ಲ. ಇಂಥ ಪಾಠಕ್ಕೆ ಮಾಸ್ತರರ, ಅಕ್ಕೋರ ನಾಲಿಗೆ ಮೇಲೆ ಇಂಗ್ಲಿಷ್ ಇರಬೇಕು. ನಾಲ್ಕು ದಿನದ ತರಬೇತಿಗೆ ಅದು ಬರಲ್ಲ. 'ಇಂಗ್ಲಿಷ್ ಮೀಡಿಯಂ' ಅಂತ ಬೋರ್ಡ್ ಬರೆಸುವ ಅವಸರವನ್ನ ಇಲ್ಲಿ ತೋರಿಸಿ. ಈ ನಾಲ್ಕು ತಾಲೂಕುಗಳ ಜನಪ್ರತಿನಿಧಿಗಳೇ, ಮುಂದಿನ ಸಲ ಶಾಲೆಗೆ ಹೋದಾಗ ಕಾಂಪೌಂಡ್ ಉದ್ಘಾಟಿಸಿ ಕಾರು ಹತ್ತಬೇಡಿ. ಐದನೇ ಕ್ಲಾಸಿನ ಹಿಂದಿನ ಬೆಂಚಲ್ಲಿ ಅರ್ಧ ಗಂಟೆ ಕೂತು, ಮಕ್ಕಳು ಯೋಚನೆ ಮಾಡ್ತಿದಾರಾ, ಬರೀ ನಕಲು ಇಳಿಸ್ಕೊಳ್ತಿದಾರಾ, ನೋಡಿ ಬನ್ನಿ.