ಕತ್ತಲ ರಾತ್ರಿಯ ಮಕ್ಕಳು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಬಂತೆಂದರೆ ಅಲಾಯಿ ಕುಣಿಯ, ಎಂದರೆ ಬೆಂಕಿಗುಂಡಿಯ, ಸುತ್ತ ಹಲಗೆ ಬಡಿಯುತ್ತದೆ, ಹೆಜ್ಜೆ ಮೇಳ ಕೂಡುತ್ತದೆ. ಕೊನೆಯ ದಿನದ ಹಿಂದಿನ ರಾತ್ರಿಗೆ ನಮ್ಮಲ್ಲಿ ಕತ್ತಲ ರಾತ್ರಿ ಎನ್ನುತ್ತಾರೆ. ಮೂಲದಲ್ಲಿ ಅದು ‘ಕತಲ್’, ಅಂದರೆ ಕೊಲೆ. ಕೊಲೆಯ ರಾತ್ರಿ ನಮ್ಮ ಬಾಯಲ್ಲಿ ಕತ್ತಲಾಯಿತು, ಅರ್ಥವೇನೂ ಕೆಡಲಿಲ್ಲ.

ಈ ಹಬ್ಬದ ಬೇರಿನಲ್ಲಿ ಸೆರೆಸಿಕ್ಕ ಮಕ್ಕಳಿದ್ದಾರೆ. ಕ್ರಿ.ಶ. 680ರಲ್ಲಿ ಕರ್ಬಲದ ಕಾಳಗದಲ್ಲಿ ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರು ಮಡಿದ ಮೇಲೆ ಅವರ ಮನೆಯ ಹೆಂಗಸರನ್ನೂ ಮಕ್ಕಳನ್ನೂ ಸೆರೆಹಿಡಿದು ಕೂಫಾದ ಮೇಲೆ ಹಾಯಿಸಿ ದಮಾಸ್ಕಸ್‌ಗೆ ಒಯ್ದರು. ಪುಟ್ಟ ಮಗಳು ಸಕೀನಾ ಅಪ್ಪನಿಗಾಗಿ ಹಂಬಲಿಸುತ್ತ ಅಲ್ಲಿನ ಸೆರೆಮನೆಯಲ್ಲೇ ತೀರಿಕೊಂಡಳೆಂದು ಷಿಯಾ ಪರಂಪರೆ ಹೇಳುತ್ತದೆ. ಬಿಡುಗಡೆಯಾದವರು ಹುಸೇನರ ತಂಗಿ ಜೈನಬ್ ಜೊತೆ ಅದೇ ಊರಲ್ಲಿ ಕೂತು ಅತ್ತರು. ಮೊಹರಂನ ಶೋಕಸಭೆ ಅಲ್ಲಿಂದ ಮೊದಲಾಯಿತು ಎನ್ನುತ್ತಾರೆ. ಸೆರೆಯಿಂದ ಹೊರಬಂದವರೇ ಕಟ್ಟಿಕೊಂಡ ಆಚರಣೆ ಇದು. ಅದಕ್ಕೇ ಇರಬೇಕು, ಇಲ್ಲಿ ಅಳುವುದಕ್ಕೆ ಯಾರೂ ನಾಚುವುದಿಲ್ಲ.

ನಮ್ಮ ಸೀಮೆಯ ವಿಜಯಪುರದಲ್ಲಿ ಸುಲ್ತಾನ ಯೂಸುಫ್ ಆದಿಲಶಾಹ 16ನೆಯ ಶತಮಾನದ ಆರಂಭದಲ್ಲೇ ಷಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದ. ಎರಡನೆಯ ಅಲಿ ಆದಿಲಶಾಹನ ಕಾಲಕ್ಕೆ ಮಿರ್ಜಾ ಎಂಬ ಕವಿ ದಖನಿಯಲ್ಲಿ ಮರ್ಸಿಯಾ, ಎಂದರೆ ಶೋಕಗೀತೆ, ಬರೆದು ಹೆಸರಾದ. 1686ರಲ್ಲಿ ಆದಿಲಶಾಹಿ ರಾಜ್ಯ ಹೋಯಿತು. ಕರ್ಬಲದ ದುಃಖ ಹಳ್ಳಿಗಳಲ್ಲಿ ಕನ್ನಡದ ಮೊಹರಂ ಹಾಡಾಗಿ, ರಿವಾಯತ ಪದವಾಗಿ ಉಳಿಯಿತು. ಮುಸಲ್ಮಾನರ ಮನೆ ಒಂದೂ ಇಲ್ಲದ ಊರಲ್ಲೂ ಮೊಹರಂ ಡೋಲಿ ಏಳುತ್ತದೆ. ನೀರು ಕೇಳಿದ್ದಕ್ಕೆ ಬಾಣ ತಿಂದ ಹುಸೇನರ ಕೂಸು ಅಸ್ಗರನ ಕಥೆಯನ್ನು ಬರದ ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಕೀನಾಳ ಹಾಗೆ ಇಂದಿನ ಜೈಲುಗಳಲ್ಲೂ ಮಕ್ಕಳಿದ್ದಾರೆ. ಕೈದಿ ತಾಯಿಯ ಜೊತೆ ಮಗು ಆರು ವರ್ಷದವರೆಗೆ ಇರಬಹುದು, ಅದಕ್ಕೆ ಶಿಶುವಿಹಾರ, ಓದು, ಆಟ ಸಿಗಬೇಕು ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಡೂ ಸಿಗಲಿ ಎಂಬುದು ನನ್ನ ಆಸೆ. ಕೂಡಿ ಅಳುವ, ಕೂಡಿ ಕುಣಿಯುವ ಜಾಗವೊಂದು ಆ ಮಕ್ಕಳಿಗೂ ಬೇಕು.

ಕೂಡಿ ಹಂಚಿಕೊಂಡರೆ ಮಗುವಿನ ನೋವು ಹಗುರಾಗುತ್ತದೆ ಎಂಬುದನ್ನು ನಮ್ಮ ತಾಯಂದಿರು ಬಲ್ಲರು. ಮಗು ಜಡ್ಡುಬಿದ್ದರೆ, ರಾತ್ರಿ ಬೆಚ್ಚಿಬಿದ್ದರೆ, ಮೊಹರಂನಲ್ಲಿ ಫಕೀರನನ್ನಾಗಿ ಮಾಡುತ್ತೇನೆಂದು ಹರಕೆ ಹೊರುತ್ತಾರೆ. ಕೊರಳಿಗೆ ಕೆಂಪು ಲಾಡಿ ಕಟ್ಟಿ, ಜೋಳಿಗೆ ಕೊಟ್ಟು ಐದು ಮನೆ ಬೇಡಿಸುತ್ತಾರೆ. ಜಾತಿ ಕೇಳದೆ ಐದೂ ಮನೆಯವರು ಹೊಸ್ತಿಲಿಗೆ ಬಂದು ಆ ಜೋಳಿಗೆಗೆ ಹಿಡಿ ಜೋಳ ಹಾಕುತ್ತಾರೆ. ಒಂದು ಮನೆಯ ಅಂಜಿಕೆ ಹೀಗೆ ಐದು ಮನೆಗೆ ಹಂಚಿಹೋಗುತ್ತದೆ.